ಸಂತೋಷ ಸರ ಹ್ಯಾಂಡಲ್ ಎತ್ತಿದ ಭಾನುವಾರ

ಸಂತೋಷಕುಮಾರನ ಲಗ್ನದ ಮಾತುಕತೆ ಅಲುಗಾಡಿದ್ದು ಕರಿ ಬಳೆಗಳಿಂದ. ಹುಡುಗಿಯ ಕೈಯಲ್ಲಿದ್ದವಲ್ಲ, ಸೈಕಲ್ಲಿನ ಕುತ್ತಿಗೆಯಲ್ಲಿದ್ದವು. ಈ ಕತೆಯಲ್ಲಿ ಸುಳ್ಳಿದ್ದರೆ ಅದು ಮಿರ್ಚಿ ಭಜಿಯಲ್ಲಿ ಉಪ್ಪಿದ್ದಷ್ಟು ಮಾತ್ರ. ಉಳಿದದ್ದೆಲ್ಲ ಖರೇ ಖಾರ.

ಮಟಕಿ ಎಂಬ ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಸಂತೋಷಕುಮಾರ ದಿನಾ ಆಳಂದದಿಂದ ಅಲ್ಲಿಗೆ ಸೈಕಲ್ ಮೇಲೆಯೇ ಹೋಗಿಬರುತ್ತಿದ್ದ. ಅದು ರೇಸಿನವರು ಹೊಡೆಯುವ ಸೈಕಲ್: ತೆಳ್ಳನೆಯ ಗಾಲಿ, ಟಗರಿನ ಕೊಂಬಿನಂತೆ ಕೆಳಗೆ ಸುರುಳಿ ಸುತ್ತಿದ ಹ್ಯಾಂಡಲ್. ಅದರ ಮೇಲೆ ಕೂತವನು ಕಳೆದುಹೋದ ಚಿಲ್ಲರೆ ಹುಡುಕುವವನ ಹಾಗೆ ನೆಲ ನೋಡುತ್ತಲೇ ಸಾಗಬೇಕು. ಮಳೆಗಾಲ ಮುಗಿಯುವಷ್ಟರಲ್ಲಿ ಅವನ ನಡ ಹಳೆಯ ಕಿಟಕಿಯಂತೆ ಕಿರ್ ಎನ್ನತೊಡಗಿತ್ತು.

ಆ ಭಾನುವಾರ ಸಂಜೆ ಜೇವರ್ಗಿಯಿಂದ ಹುಡುಗಿಯ ಸೋದರಮಾವ ಸೈದಪ್ಪ ಮನೆ ನೋಡಲು ಬರುವವನಿದ್ದ. ಹುಡುಗಿ ಭಾಗ್ಯಜ್ಯೋತಿಯನ್ನು ಸಂತೋಷ ನೋಡಿದ್ದು ವಿಡಿಯೊ ಕಾಲಿನಲ್ಲಿ ಮಾತ್ರ. ಅವರ ಕಡೆಯವರು ಅವನನ್ನು ನೋಡಿದ್ದೂ ಹಾಗೆಯೇ, ಭುಜದಿಂದ ಮೇಲಕ್ಕೆ. “ಸೈಕಲ್‌ಗಿ ಹಿಂದ ಸೀಟ್ ಅದ ಇಲ್ರಿ?” ಎಂದು ಅವಳು ನಗದೆ ಕೇಳಿದ ಕ್ಷಣದಿಂದ ಅವನಿಗೆ ಉಳಿದ ಹುಡುಗಿಯರ ಫೋಟೊಗಳೆಲ್ಲ ಆಧಾರ್ ಕಾರ್ಡಿನ ಫೋಟೊಗಳಂತೆ ಕಾಣತೊಡಗಿದ್ದವು. ಮದುವೆಯಾದರೆ ಇವಳನ್ನೇ, ಇಲ್ಲವಾದರೆ ಸೈಕಲ್ಲೇ ಸಂಸಾರ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ.

ಬಂದವರ ಮುಂದೆ ನಡ ಹಿಡಿದುಕೊಂಡು ನರಳುವುದು ಶೋಭೆಯಲ್ಲ. ಹಾಗಾಗಿ ಮುಂಜಾನೆಯೇ ಅಂಗಳದಲ್ಲಿ ಸೈಕಲ್ ನಿಲ್ಲಿಸಿ, ಮೊಬೈಲಿನಲ್ಲಿ ವಿಡಿಯೊ ಹಚ್ಚಿಕೊಂಡು, ಹ್ಯಾಂಡಲ್ ಎತ್ತರಿಸಲು ಕೂತ. ಕೆಲಸ ಸರಳ. ಹ್ಯಾಂಡಲ್ ಹಿಡಿದಿರುವ ಕೊಂಡಿಯ ಮೇಲೆ ಒಂದಿಷ್ಟು ಕರಿ ಬಳೆಗಳಿರುತ್ತವೆ. ಅವನ್ನು ತೆಗೆದು ಕೊಂಡಿಯ ಕೆಳಗೆ ಹಾಕಿದರೆ ಹ್ಯಾಂಡಲ್ ಅಷ್ಟು ಮೇಲೆ ಕೂರುತ್ತದೆ. ಆದರೆ ಬಾಜೂ ಮನೆಯ ಕಲ್ಯಾಣಪ್ಪ ಕಾಕಾ ಹಲ್ಲುಜ್ಜುತ್ತ ಬಂದು ನಿಂತ ಮೇಲೆ ಯಾವ ಕೆಲಸವೂ ಸರಳವಾಗಿ ಉಳಿಯುವುದಿಲ್ಲ. ಈ ಸಂಬಂಧ ಹುಡುಕಿ ತಂದವನೂ ಅವನೇ.

“ಏನ್ ಬಿಚ್ಚಾಕತ್ತೀಯೋ ಸಂತ್ಯಾ?”

“ಹ್ಯಾಂಡಲ್ ರೀ ಕಾಕಾ. ಎತ್ತರ ಮಾಡಾಕತ್ತೇನಿ.”

“ಎತ್ತರ ಆಮ್ಯಾಲ ಮಾಡು. ಮೊದ್ಲ ನೆಟ್ಟಗ ಮಾಡು. ಅಂಗಡ್ಯಾಂವ ನಿನಗ ಬೋರಲ ಹಾಕಿ ಕೊಟ್ಟಾನ. ಕೊಂಬು ಅಂದ ಮ್ಯಾಲ ಮ್ಯಾಲಿರಬೇಕಲ್ಲೋ!” ಎನ್ನುತ್ತ ಕಾಕಾ ಸೈಕಲ್ಲನ್ನು ಮುಂದಿನಿಂದ ಎತ್ತಿದ.

“ಎತ್ತಬ್ಯಾಡ್ರೀ...”

ಬೋಲ್ಟು ಸಡಿಲಾಗಿದ್ದ ಮುಂದಿನ ಗಾಲಿ ತನ್ನನ್ನು ಹಿಡಿದಿದ್ದ ಚಿಮಟದ ಸಮೇತ ಕೆಳಗೆ ಜಾರಿ, ಸಿಟ್ಟಿನಲ್ಲಿ ತವರಿಗೆ ಹೊರಟ ಸೊಸೆಯಂತೆ ಹಿಂದಿರುಗಿ ನೋಡದೆ ಗೇಟು ದಾಟಿತು. ಓಡಿ ಹಿಡಿದು ತಂದು ಜೋಡಿಸಿದರೆ ಗಾಲಿಯ ಮುಖ ಬಸ್ ಸ್ಟ್ಯಾಂಡಿನ ಕಡೆ, ಹ್ಯಾಂಡಲ್ಲಿನ ಮುಖ ದರ್ಗಾದ ಕಡೆ. ಕಾಕಾನನ್ನು ಬಾಯಿ ತೊಳೆಯಲು ಒಳಗೆ ಕಳಿಸಿ, ಎರಡಕ್ಕೂ ರಾಜಿ ಮಾಡಿಸಿ, ಅಲೆನ್ ಕೀ ತಿರುವಿ ಬಿಗಿ ಮಾಡಿ ಹತ್ತಿ ಕೂತ. ಆಳಂದದಲ್ಲಿ ಆಕಾಶವೂ ಇದೆ ಎಂಬುದು ಅವತ್ತು ಅವನಿಗೆ ಗೊತ್ತಾಯಿತು.

“ಸಂತ್ಯಾ, ಭಜಿಗಿ ಹಸಿಮೆಣಸಿನಕಾಯಿ ತಾ,” ಎಂದು ಅವ್ವ ಗಂಗಾಬಾಯಿ ಒಳಗಿನಿಂದ ಕೂಗಿದಳು. “ದಪ್ಪನ್ನವ ತಾ. ಹ್ವಾದ ಸಲದಾಂಗ ಖಾರನ್ನವ ತಂದು ಬೀಗರನ್ನ ಅಳಸಬ್ಯಾಡ.”

ಎದೆ ಮುಂದೆ ಮಾಡಿ, ಕತ್ತು ನೆಟ್ಟಗಿಟ್ಟು ಸಂತೋಷ ಹೊರಟ. ಬಸ್ ಸ್ಟ್ಯಾಂಡಿನ ಎದುರು ಅವನ ಗೆಳೆಯ ತೌಸೀಫನ ಮೊಬೈಲ್ ಅಂಗಡಿ. ಬಸ್ ಕಂಡಕ್ಟರನಿಂದ ಹೆಡ್‌ಮಾಸ್ತರರ ತನಕ ಯಾರ ದನಿ ಬೇಕಾದರೂ ತೆಗೆಯುವವನು ಈ ತೌಸೀಫ. “ಲೇ ಸಂತ್ಯಾ, ಚಾ ಕುಡಿ ಬಾರಲೇ,” ಎಂದು ತನ್ನದೇ ದನಿಯಲ್ಲಿ ಕೂಗಿದ. ಹೊಸ ಎತ್ತರದ ಗಾಳಿಯಲ್ಲಿದ್ದ ಸಂತೋಷನಿಗೆ ಕೇಳಲಿಲ್ಲ.

ಮುಂದಿನ ಕಟ್ಟೆಯ ಹಿರಿಯರ ಮಾತು ಮಾತ್ರ ಚೆನ್ನಾಗಿ ಕೇಳಿತು.

“ನಿನ್ನಿತನಾ ನಮ್ಮ ಮುಂದ ಹಾಯ್ದ್ರ ನಡಾ ಬಗ್ಗಿಸಿ ಶರಣು ಮಾಡ್ಕೋತ ಹೋಗ್ತಿದ್ದ ಹುಡುಗ. ಇವತ್ತ ನೋಡು, ಎಮ್ಮೆಲ್ಲೆ ಆದಾಂಗ ಹೊಂಟಾನ!”

“ಲಗ್ನ ಗೊತ್ತಾಗಾಕತ್ತೈತಲ್ಲಪ್ಪಾ. ಇನ್ನ ನಾವ್ಯಾಕ ಕಾಣ್ತೇವಿ?”

ಕಾಯಿಪಲ್ಯ ಮಾರುವ ಗುರಮ್ಮ ಮೆಣಸಿನಕಾಯಿ ತೂಗಿಕೊಟ್ಟಳು. ಯಾವಾಗಲೂ ಮೇಲೆ ಹಾಕುವ ಕೊತ್ತಂಬರಿ ಹಾಕಲಿಲ್ಲ. “ಕೊತ್ತಂಬ್ರಿ ಶರಣು ಮಾಡೋರಿಗಿ ಅದ ಸರ, ಸೊಕ್ಕು ಮಾಡೋರಿಗಿ ಇಲ್ಲ,” ಎಂದಳು.

ಸಂತೋಷ ಗಕ್ಕನೆ ಬ್ರೇಕ್ ಹಿಡಿದ. ಇಷ್ಟು ದಿನ ಹ್ಯಾಂಡಲ್ ತಗ್ಗಿದ್ದರಿಂದ ತಾನು ಬಗ್ಗಿದ್ದನ್ನು ಊರು ಶರಣೆಂದು ತಿಳಿದಿತ್ತು! ಅವನ ವಿನಯವೆಲ್ಲ ಬೋಲ್ಟಿನ ಮೇಲೆ ನಿಂತಿತ್ತು!

ಅಷ್ಟರಲ್ಲಿ ಫೋನ್ ಬಂತು. ಹೊಸ ನಂಬರು, ಗತ್ತಿನ ದನಿ.

“ಸಂತೋಷಕುಮಾರ ಏನ್ರಿ? ನಾ ಜೇವರ್ಗಿ ಸೈದಪ್ಪ ಮಾತಾಡಾಕತ್ತೇನಿ.”

“ಶರಣ್ರಿ ಮಾವಾರ!”

“ನಿಮ್ಮ ವಿನಯದ ಸುದ್ದಿ ಕೇಳೇ ಬರಾಕತ್ತೇವಿ. ಮನಿಗಿ ಬರೂಕಿಂತ ಮೊದ್ಲ ಊರಾಗ ನಾಕ್ ಮಂದೀನ್ನ ಕೇಳ್ತೇವಿ. ಒಬ್ಬಾಂವ ಸೊಕ್ಕಿನಾಂವ ಅಂದ್ರೂ ಬಂದ ಬಸ್ಸಿಗೇ ವಾಪಸ್!”

ಸಂತೋಷ ಮನೆಗೆ ಹಾರಿಬಂದ. ಬಳೆಗಳನ್ನೆಲ್ಲ ಮತ್ತೆ ಮೇಲೆ ಹಾಕಿದ. ಸಾಲದೆಂದು ಕೊಂಡಿಯನ್ನೂ ಮೂತಿ ಕೆಳಗೆ ಮಾಡಿ ಕೂರಿಸಿದ. ಹ್ಯಾಂಡಲ್ ಮೊದಲಿಗಿಂತ ಇನ್ನೂ ತಗ್ಗಾಯಿತು. ಈಗ ಹತ್ತಿ ಕೂತರೆ ಗದ್ದ ಗಾಲಿಗೆ ತಾಗುವಂತಿತ್ತು.

“ಮುಂಜಾನಿ ಏರಿಸ್ದಿ, ಈಗ ಇಳಸಾಕತ್ತಿ,” ಎಂದ ಕಲ್ಯಾಣಪ್ಪ ಕಾಕಾ. “ನಾ ಪೆಟ್ರೋಲ್ ರೇಟ್ ನೋಡಿ ನೋಡಿ ಏರಿದ್ದು ಇಳಿಯೂದಿಲ್ಲಂತ ಮಾಡಿದ್ದೆ.”

ಬಿಸಿಲಿನಲ್ಲಿ ಸಂತೋಷ ಊರೆಲ್ಲ ಸುತ್ತಿದ. ಕಟ್ಟೆಗೆ ಬಗ್ಗಿದ. ಗುರಮ್ಮನಿಗೆ ಬಗ್ಗಿದ. ಮುಚ್ಚಿದ ಶಟರಿಗೆ ಬಗ್ಗಿದ. ಹಾದಿಗೆ ಅಡ್ಡ ಮಲಗಿದ್ದ ಎಮ್ಮೆಗೂ ಬಗ್ಗಿದ. ಅದು ಮಾತ್ರ ಪ್ರತಿಶರಣು ಹೇಳದೆ ಮೆಲುಕು ಹಾಕಿತು. “ಹಂಗಲ್ಲೇನೋ! ಮನಿತನದ ಹುಡುಗ,” ಎಂದು ಕಟ್ಟೆ ಮೆಚ್ಚಿತು. ಗುರಮ್ಮ ಓಡಿಬಂದು ಕೊತ್ತಂಬರಿ ಕಟ್ಟನ್ನು ಕೊಂಬಿಗೇ ಸಿಗಿಸಿದಳು.

ಮನೆಯ ಮುಂದೆ ಬಂದು ಇಳಿಯುವಾಗ ನಡದೊಳಗೆ ಏನೋ ‘ಟಕ್’ ಎಂದಿತು. ಕಾಕಾ ಮತ್ತು ಅವ್ವ ಸೇರಿ ಸೈಕಲ್ಲನ್ನು ಅವನ ಕೆಳಗಿನಿಂದ ಎಳೆದು ತೆಗೆದರು. ಸಂತೋಷ ಸೈಕಲ್ ಮೇಲಿದ್ದ ಹಾಗೆಯೇ ಉಳಿದ. ಸುದ್ದಿ ಕೇಳಿ ತೌಸೀಫ ಅಂಗಡಿ ಮುಚ್ಚಿ ಓಡಿಬಂದ. ಗೆಳೆಯನನ್ನು ನೋಡಿದವನೇ ಮುಖ ಪೆಚ್ಚು ಮಾಡಿಕೊಂಡು ಅಡುಗೆಮನೆಗೆ ಹೋಗಿ ಭಜಿ ಕರಿಯಲು ನಿಂತ.

ಸಂಜೆ ಸೈದಪ್ಪ ಬಂದ. ಸಂತೋಷನಿಗೆ ಕಂಡದ್ದು ಅವನ ಚಪ್ಪಲಿ ಮಾತ್ರ. ಕೇಳಿದ್ದು ಒಂದು ಒಣ ಕೆಮ್ಮು.

“ಹ್ಞುಂ... ಸಾಕ್ರಿ ಶರಣು. ಏಳ್ರಿ.”

ಸಂತೋಷ ಏಳಲಿಲ್ಲ.

“ಏಳ್ರಿ, ಅಷ್ಟೆಲ್ಲ ಬ್ಯಾಡ.”

“ಏಳಾಕ ಬರವಲ್ದರೀ ಮಾವಾರ.”

ಸೈದಪ್ಪ ಕುರ್ಚಿಯ ತುದಿಗೆ ಕೂತ. “ಖರೇ ಹೇಳ್ತೇನಿ, ತಪ್ಪು ತಿಳೀಬ್ಯಾಡ್ರಿ. ಹುಡುಗ ಯಾವಾಗ ನೋಡಿದ್ರೂ ಬಗ್ಗೇ ಇರ್ತಾನ, ಬೆನ್ನಾಗ ಗೂನ ಅದ ಅಂತ ಯಾರೋ ಹೇಳಿದ್ರು. ವಿಡಿಯೊದಾಗ ಬೆನ್ನು ಕಾಣೂದಿಲ್ಲ. ಅದಕ್ಕ ಮುಂಜಾನೇನೇ ಬಂದು ಬಸ್ ಸ್ಟ್ಯಾಂಡ್ ಮುಂದ ಚಾ ಕುಡಕೋತ ಕುಂತಿದ್ದೆ. ಕಂಬದಾಂಗ ನೆಟ್ಟಗ ಕುಂತು ಹಾದು ಹ್ವಾದ್ರಿ. ಹೊಟ್ಟಿ ತಣ್ಣಗಾಯ್ತು, ದರ್ಗಾದಾಗ ಹೊತ್ತು ಕಳದು ಬಂದೆ. ಈಗ ನೋಡಿದ್ರ...”

“ವಿನಯ ಬೇಕಂತ ನೀವೇ ಫೋನ್ ಮಾಡಿದ್ರೆಲ್ರಿ!”

“ಫೋನಾ? ನನ್ನ ಹಂತೇಕ ನಿಮ್ಮ ನಂಬರೇ ಇಲ್ಲ.”

ಭಜಿಯ ತಟ್ಟೆ ಹಿಡಿದು ಬಂದ ತೌಸೀಫ ತಟ್ಟೆ ಕೆಳಗಿಟ್ಟ. “ಅದು ನಾನ್ರೀ,” ಎಂದ. “ಕರದ್ರೂ ನಿಲ್ಲದ ಹ್ವಾದ ಅಂತ ಸ್ವಲ್ಪ ಚಾಷ್ಟಿ ಮಾಡಿದ್ದೆ. ನಡಾ ಹಿಡಕೋತದಂತ ಗೊತ್ತಿರ್ಲಿಲ್ರಿ.”

ಸೈದಪ್ಪ ನಗಲೂ ಇಲ್ಲ, ಬೈಯಲೂ ಇಲ್ಲ. ಕೆಮ್ಮಿದ, ಎರಡು ಭಜಿ ತಿಂದ, ಸಂತೋಷನ ನಂಬರು ಬರೆಸಿಕೊಂಡು ಎದ್ದ. “ಹುಡುಗೀನ ಕೇಳಿ ತಿಳಸ್ತೇವ್ರಿ.”

ಹೆಣ್ಣಿನ ಕಡೆಯವರು ಹಾಗೆಂದರೆ ಏನರ್ಥವೆಂದು ಎಲ್ಲರಿಗೂ ಗೊತ್ತು. ಕಲ್ಯಾಣಪ್ಪ ಕಾಕಾ ತಲೆ ತಗ್ಗಿಸಿಕೊಂಡು ಅವನನ್ನು ಬಸ್ಸಿಗೆ ಬಿಡಲು ಹೋದ.

ಸಂತೋಷನನ್ನು ಮಂಚದ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟರು. ಮನೆ ಸೂತಕದ ಮನೆಯಂತಾಗಿತ್ತು. ತೌಸೀಫನಿಗೆ ತಡೆಯಲಾಗಲಿಲ್ಲ. ಒಣ ಕೆಮ್ಮು ಕೆಮ್ಮಿದ: “ಹ್ಞುಂ... ಸಾಕ್ರಿ ಶರಣು. ಏಳ್ರಿ.” ಅದೇ ಕೆಮ್ಮು, ಅದೇ ದನಿ! ಗಂಗಾಬಾಯಿ ಮೊದಲು ಕಿಸಕ್ಕೆಂದಳು. ಆಮೇಲೆ ದಿಂಬಿನೊಳಗಿಂದ ಸಂತೋಷನೂ ನಕ್ಕ. “ನಿನ್ನ ಬಾಯಿಗಿ ಬೀಗಾ ಹಾಕ. ಹೋಗು, ನೋವಿನ ಮುಲಾಮರ ತಾ,” ಎಂದು ಅವ್ವ ಅವನನ್ನು ಹೊರಗೆ ಅಟ್ಟಿದಳು.

ಅವನು ಹೋದ ಸ್ವಲ್ಪ ಹೊತ್ತಿಗೆ ಸಂತೋಷನ ಫೋನ್ ಬಡಿದುಕೊಂಡಿತು. ಮತ್ತೊಂದು ಹೊಸ ನಂಬರು. ಮಲಗಿದಲ್ಲಿಂದಲೇ ಸ್ಪೀಕರ್ ಒತ್ತಿದ.

“ಹ್ಞುಂ... ನಾ ಸೈದಪ್ಪ ಮಾತಾಡಾಕತ್ತೇನಿ.”

ಅವ್ವ, ಮಗ ಇಬ್ಬರೂ ಪಕ್ಕನೆ ನಕ್ಕರು.

“ಬಸ್ಸಿನಾಗ ಕುಂತು ಭಾಗ್ಯಜ್ಯೋತಿಗಿ ಎಲ್ಲಾ ಹೇಳ್ದೆ. ಊರ ಮಂದಿ ಮನಸ್ಸು ನೋಯಬಾರದಂತ ನಡಾ ಮುರಕೊಂಡಾಂವ ಹೆಂಡ್ತಿ ಮನಸ್ಸು ನೋಯಸ್ತಾನೇನ್ ಮಾವಾ, ನನಗ ಇವನೇ ಇರ್ಲಿ ಅಂದ್ಲು. ನಾವೂ ಒಪ್ಪೇವ್ರಿ.”

“ಅಯ್ಯ ಮಾವಾರ!” ಎಂದ ಸಂತೋಷ, ನಗೆ ತಡೆಯುತ್ತ. “ನಿಮ್ಮ ಹುಡುಗೀನ ನೀವೇ ಇಟ್ಕೊಳ್ರಿ! ಗೂನ ಬೆನ್ನಿಗಿ ಒಂದು ಒಂಟೀನ ನೋಡ್ಕೋತೇನಿ, ಜೋಡಿ ಸರಿ ಆಗ್ತದ! ಮೊದ್ಲ ನಿಮ್ಮ ಆ ಮುರುಕು ಹಾರ್ಮೋನಿಯಂ ಕೆಮ್ಮು ದವಾಖಾನಿಗಿ ತೋರಸ್ರಿ!”

ಆ ಕಡೆ ಕೆಮ್ಮು ನಿಂತಿತು.

ಬಾಗಿಲಲ್ಲಿ ನೆರಳು ಬಿತ್ತು. ಗಂಗಾಬಾಯಿ ತಿರುಗಿ ನೋಡಿದಳು. ತೌಸೀಫ ನಿಂತಿದ್ದ: ಒಂದು ಕೈಯಲ್ಲಿ ಮುಲಾಮು, ಇನ್ನೊಂದು ಕೈಯಲ್ಲಿ ಅರ್ಧ ಭಜಿ, ಉಳಿದರ್ಧ ತೆರೆದ ಬಾಯಲ್ಲಿ. ಅವಳ ನಗೆ ಸೆರಗಿನಲ್ಲೇ ಸತ್ತಿತು. ಫೋನಿಗೆ ಕೇಳೀತೆಂದು ಬಾಯಿ ಮುಚ್ಚಿಕೊಂಡಳು. ಕೈ ಬೀಸಿದಳು, ದಿಂಬಿನಲ್ಲಿ ಮುಖವಿಟ್ಟವನಿಗೆ ಕಾಣಲಿಲ್ಲ. ಎರಡೂ ಕೈಯಿಂದ ಮಂಚ ಬಡಿದಳು.

“ಕೇಳ್ರಿ ಮಾವಾರ, ನಮ್ಮವ್ವ ಮಂಚಾ ಬಡಬಡದು ನಗಾಕತ್ತಾಳ!” ಎಂದು ಸಂತೋಷಕುಮಾರ ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದು, ನಡದ ನೋವನ್ನೂ ಮರೆತು, ಓಣಿಗೆಲ್ಲ ಕೇಳುವ ಹಾಗೆ ಬಿದ್ದು ಬಿದ್ದು ನಗತೊಡಗಿದ.