ಮುದ್ದೆ ಅಗಿದ ಮೇಷ್ಟ್ರು

ನಂದಗುಡಿಯ ಶಾಲೆಯಲ್ಲಿ ಜೀರ್ಣಾಂಗಗಳ ಪಾಠವನ್ನು ನನ್ನಷ್ಟು ಚೆನ್ನಾಗಿ ಮಾಡಿದವರು ಇನ್ನೊಬ್ಬರಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ!

ಯುದ್ಧದ ಕಾಲ ಅದು. ಅಕ್ಕಿಗೆ ರೇಷನ್, ಕಾಗದಕ್ಕೆ ಬರ. ದೇಹದ ನಕ್ಷೆ ಎಲ್ಲಿಂದ ತರುವುದು? ನನ್ನ ಹೊಟ್ಟೆಯನ್ನೇ ನಕ್ಷೆ ಮಾಡಿಕೊಂಡೆ. ಗಂಟಲಿನಿಂದ ಕೆಳಕ್ಕೆ ಬೆರಳೆಳೆದರೆ ಅನ್ನನಾಳ, ಎಡಗಡೆ ಮುಷ್ಟಿ ತಿರುವಿದರೆ ಜಠರ, ಹೊಕ್ಕುಳ ಸುತ್ತ ಸುತ್ತಿದರೆ ಸಣ್ಣ ಕರುಳು. ನಾನಿನ್ನೂ ಹಂಗಾಮಿ ಮೇಷ್ಟ್ರು. ಶಾಲೆಗಳ ಇನ್‌ಸ್ಪೆಕ್ಟರು ಬಂದು ಮೆಚ್ಚಿದರೆ ಕೆಲಸ ಖಾಯಂ. ಮುಖ ಸಿಂಡರಿಸಿದರೆ ಮಾವನ ಮನೆಯಲ್ಲಿ ರೇಷ್ಮೆಹುಳು ಮೇಯಿಸುವುದೇ ಗತಿ.

ಅವರು ಬರುವ ದಿನ ಬೆಳಿಗ್ಗೆ ಹೆಂಡತಿ ಸಾಕಮ್ಮನಿಗೆ ಹೇಳಿದೆ: "ಒಂದು ಮುದ್ದೆ ಕಟ್ಕೊಡು. ಎಲ್ಲರೆದುರಿಗೆ ಅಗಿದು ತೋರಿಸ್ತೀನಿ. ಜೀರ್ಣಕ್ರಿಯೆ ಶುರುವಾಗೋದೇ ಬಾಯಲ್ಲಿ. ಈ ಊರೋರು ನುಂಗಿ ನುಂಗಿ ಮೊದಲನೇ ಅಧ್ಯಾಯಾನೇ ಹಾರಿಸ್ತಾವ್ರೆ!"

"ಅಯ್ಯೋ ನಿಮ್ಮ! ಮುದ್ದೆ ಯಾರಾದ್ರೂ ಅಗೀತಾರಾ? ಹಲ್ಲಿಗೆ ಅಂಟ್ಕೊಂಡ್ಬಿಡ್ತದೆ. ಸಾರಲ್ಲಿ ಅದ್ದಿ ನುಂಗಬೇಕು."

"ವಿಜ್ಞಾನ ನಿನಗೇನು ಗೊತ್ತು?"

"ವಿಜ್ಞಾನ ಗೊತ್ತಿಲ್ಲ ಕಣ್ರೀ, ಮುದ್ದೆ ಗೊತ್ತು."

ಕೋಟು ತೊಟ್ಟ ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಕುಳಿತರು. ಗಂಭೀರವಾದ ಪೀಠಿಕೆಯ ನಂತರ ನಾನು ದೊಡ್ಡದೊಂದು ತುತ್ತು ಮುರಿದು ಬಾಯಿಗಿಟ್ಟೆ. ಸಾರಿಲ್ಲ. ವಿಜ್ಞಾನಕ್ಕೆ ಸಾರು ಯಾಕೆ? ಚೆನ್ನಾಗಿ ಅಗಿದೆ. ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಅಪ್ಪಿಕೊಂಡಿತು. ಬಿಡಿಸಲು ಹೋದ ನಾಲಿಗೆಯೂ ಸಿಕ್ಕಿಬಿತ್ತು!

"ಮುಂದೇನಾಗುತ್ತೆ ಮೇಷ್ಟ್ರೇ?" ಎಂದರು ಇನ್‌ಸ್ಪೆಕ್ಟರು.

"ಉಂ."

"ಏನಂದ್ರಿ?"

"ಉಂ ಉಂ!"

ಮಾವನ ಮನೆಯ ರೇಷ್ಮೆಹುಳುಗಳು ಕಣ್ಣೆದುರು ಹರಿದಾಡಿದವು. ಬೇರೆ ದಾರಿ ಕಾಣದೆ ಗಂಟಲಿನಿಂದ ಕೆಳಕ್ಕೆ ಬೆರಳೆಳೆದೆ.

"ಅನ್ನನಾಳ!" ಎಂದು ಇಡೀ ತರಗತಿ ಕೂಗಿತು.

ಜೀವ ಬಂತು. ಮುಷ್ಟಿ ತಿರುವಿದೆ. "ಜಠರ!" ಹೊಕ್ಕುಳ ಸುತ್ತ ಸುತ್ತಿದೆ. "ಸಣ್ಣ ಕರುಳು!" ಅದರ ಹೊರಗೆ ಅಗಲವಾಗಿ ಕೈ ಬಳಸಿದೆ. "ದೊಡ್ಡ ಕರುಳು!" ಅಲ್ಲಿಗೆ ನಿಲ್ಲಿಸಬೇಕಿತ್ತು. ಉತ್ಸಾಹ ನೋಡಿ, ಕೈ ಇನ್ನೂ ಸ್ವಲ್ಪ ಹಿಂದಕ್ಕೆ ಹೋಯಿತು.

"ಹುಣಸೆ ತೋಪು ಸಾರ್!" ಎಂದರು ಮಕ್ಕಳು. ಇಡೀ ಊರು ಚೊಂಬು ಹಿಡಿದು ಹೋಗುತ್ತಿದ್ದುದು ಅಲ್ಲಿಗೇ.

ಇನ್‌ಸ್ಪೆಕ್ಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಎದ್ದು ನಿಂತರು. "ಭೇಷ್! ಮೇಷ್ಟ್ರು ಬಾಯಿ ಬಿಡದೆ ಮಕ್ಕಳ ಕೈಲೇ ಪಾಠ ಹೇಳಿಸೋ ಪದ್ಧತಿ ನಾನು ಎಲ್ಲೂ ನೋಡಿಲ್ಲ. ನಿಮ್ಮ ಕೆಲಸ ಖಾಯಂ ಮಾಡಿಸ್ತೀನಿ!"

"ಉಂ," ಎಂದು ನಾನು ಘನತೆಯಿಂದ ತಲೆದೂಗಿದೆ.

ಮನೆಯಲ್ಲಿ ಸಾಕಮ್ಮ ಬಿಸಿ ಸಾರು ಕುಡಿಸಿದ ಮೇಲೆ ಬಾಯಿ ತೆರೆಯಿತು. ನಡೆದದ್ದೆಲ್ಲ ಹೇಳಿ ಎದೆಯುಬ್ಬಿಸಿದೆ: "ನೋಡಿದೆಯಾ ನನ್ನ ಪಾಠದ ಮಹಿಮೆ?"

"ನೋಡ್ದೆ. ಬಾಯಿ ಮುಚ್ಕೊಂಡಿದ್ದಕ್ಕೇ ಕೆಲಸ ಸಿಕ್ತು ಅನ್ನಿ. ನಾಳೆಯಿಂದ ದಿನಾ ಒಂದು ತುತ್ತು ಅಗಿದೇ ಇಸ್ಕೂಲಿಗೆ ಹೋಗಿ."

ತಮಾಷೆಗೆ ಅಂದಳೋ ಏನೋ, ನಾನು ಹಾಗೇ ಮಾಡಿದೆ. ಆ ವರ್ಷ ನನ್ನ ತರಗತಿಯಲ್ಲಿ ಒಬ್ಬರೂ ಫೇಲಾಗಲಿಲ್ಲ!