ಕಾರ್ಡಿಲ್ಲದೆ ಸೊಳ್ಳೇನೂ ಬಿಡದವನು

ಹಳೇ ಆಫೀಸಿನ ಬಾಗಿಲಲ್ಲಿ ನಾನು ಕೂತಿದ್ದಷ್ಟು ಕಾಲ ಕಾರ್ಡ್ ತೋರಿಸದೆ ಒಂದು ಸೊಳ್ಳೇನೂ ಒಳಗೆ ಹೋಗಿಲ್ಲ. ದೊಡ್ಡ ಸಾಹೇಬರೇ ಬೆನ್ನು ತಟ್ಟಿ ಹಾಗಂದಿದ್ರು. ಅವರೀಗಿಲ್ಲ, ಆ ಕಟ್ಟಡಾನೂ ಇಲ್ಲ. ನಂಬೋದು ಬಿಡೋದು ನಿಮಗೆ ಸೇರಿದ್ದು. ಆದರೂ ಬಾಗಿಲು ಕಾಯೋನಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ.

ಈಗಿರೋ ಜೆಪಿ ನಗರದ ಆಫೀಸಿಗೆ ಕಂಪ್ಯೂಟರಿನ ಗುಟ್ಟು ಕಾಯೋಕೆ ಅಂತಲೇ ಒಬ್ಬರು ಮೇಡಂ ಬಂದ್ರು. ಬಂದವರೇ, "ತಾತ, ಈ ತಿಂಗಳು ಜನ ರೂಲ್ಸ್ ಪಾಲಿಸಿದ್ರೆ ಸರಿ. ಇಲ್ಲಾಂದ್ರೆ ನಿಮ್ಮ ಕುರ್ಚಿ ಜಾಗಕ್ಕೆ ಕಾರ್ಡ್ ತೋರಿಸಿದ್ರೆ ಬಾಗಿಲು ತೆಗೆಯೋ ಮೆಷಿನ್ ಬರುತ್ತೆ" ಅಂದ್ರು. ಅವತ್ತಿಂದ ಆ ಕುರ್ಚೀಲಿ ಕೂರೋಕೇ ಆಗ್ತಿಲ್ಲ. ಎದ್ದೆದ್ದು ಮೇಜುಮೇಜಿಗೂ ಹೋಗಿ ಬಗ್ಗಿ ನೋಡ್ತೀನಿ.

೧. ತಟ್ಟೆ ತುಂಬ ಪಾಸ್‌ವರ್ಡ್

ಪಾಸ್‌ವರ್ಡ್ ಚೀಟಿ ಕಂಪ್ಯೂಟರಿಗೆ ಅಂಟಿಸಬಾರದು ಅನ್ನೋದು ಮೊದಲನೇ ರೂಲ್ಸು. ಆಯುಧಪೂಜೆಗೆ ಮೇಜು ಒರೆಸೋವಾಗ ಎಲ್ಲರೂ ಚೀಟಿ ಕಿತ್ತರು. ಸದ್ಯ, ಕುರ್ಚಿ ಉಳೀತು ಅಂದ್ಕೊಂಡೆ. ಹೋಗಿ ನೋಡಿದ್ರೆ ದೇವರ ಫೋಟೊ ಮುಂದೆ ತಟ್ಟೇಲಿ ಅಷ್ಟೂ ಚೀಟಿ, ಒಂದೊಂದಕ್ಕೂ ಅರಿಶಿನ ಕುಂಕುಮ. ಪ್ರಸಾದಕ್ಕೆ ಬಂದ ಪಕ್ಕದ ಆಫೀಸಿನವರೂ ದರ್ಶನ ಮಾಡ್ಕೊಂಡು ಹೋಗ್ತಿದಾರೆ.

"ಏನಪ್ಪಾ ಇದು?" ಅಂತ ಕುಂಕುಮ ಹಚ್ತಿದ್ದ ಹುಡುಗನ್ನ ಕೇಳಿದೆ.

"ನಮ್ಮ ಆಯುಧ ಇದೇ ಅಲ್ವಾ ತಾತ?"

೨. ಹೋಳಿಗೆ ಡಬ್ಬ

ಕಾರ್ಡಿಲ್ಲದವರಿಗೆ ಬಾಗಿಲು ತೆಗೀಬಾರದು, ಇದು ಎರಡನೇದು. ಪರೀಕ್ಷೆ ಮಾಡೋಕೆ ಮೇಡಂ ಗುರುತಿಲ್ಲದ ಹೆಂಗಸೊಬ್ಬರಿಗೆ ಹೋಳಿಗೆ ಡಬ್ಬ ಕೊಟ್ಟು ಹಿಂಬಾಗಿಲಿಗೆ ಕಳಿಸಿದ್ರು. ನಾನು ಓಡೋಷ್ಟರಲ್ಲಿ ನಾಲ್ಕು ಜನ ಬಾಗಿಲು ಹಿಡ್ಕೊಂಡು, "ಬನ್ನಿ ಆಂಟಿ, ಭಾರ ಇರಬೇಕು" ಅಂತಿದ್ರು. ಒಬ್ಬನಂತೂ ತನ್ನ ಕುರ್ಚೀನೇ ಬಿಟ್ಟುಕೊಟ್ಟ. ಎದುರಿಗೆ ಅವನ ಕಂಪ್ಯೂಟರ್ ತೆರೆದೇ ಇತ್ತು.

ಮೇಡಂ ಬೈದಿದ್ದಕ್ಕೆ, "ಬರಿಗೈಲಿ ಬಂದಿದ್ರೆ ಖಂಡಿತ ಕೇಳ್ತಿದ್ವಿ ಮೇಡಂ" ಅಂದ್ರು.

೩. ನನ್ನ ಭಾಷಣ

ತಿಂಗಳ ಕೊನೇ ದಿನ ಮೀಟಿಂಗು. ಮೇಡಂ ಮಾತಿಗೆ ಎಲ್ಲರೂ ತೂಕಡಿಸ್ತಾರೆ ಅಂತ ನನ್ನನ್ನ ಎಬ್ಬಿಸಿ ನಿಲ್ಲಿಸಿದ್ರು. ಕುರ್ಚಿ ಉಳಿಸ್ಕೊಳ್ಳೋಕೆ ಇನ್ನೊಂದು ದಾರಿ ಇರಲಿಲ್ಲ. ಬಿಟ್ಟೆ ನೋಡಿ.

"ಒಂದ್ಸಲ ಮಂತ್ರಿ ಬಂದಿದ್ರು, ಹಿಂದೆ ಆರು ಜೀಪು. ಕಾರ್ಡಿಲ್ಲ ಅಂತ ಜರಗನಹಳ್ಳಿ ಬಸ್‌ಸ್ಟಾಪಿನವರೆಗೂ ನಡೆಸಿ ವಾಪಸ್ ಕಳಿಸಿದೆ. ಇನ್ನೊಬ್ಬರ ಕಾರ್ಡ್ ಹಾಕ್ಕೊಂಡು ಬಂದವನನ್ನ ನೂರಡಿ ದೂರದಿಂದಲೇ ಹಿಡೀತೀನಿ."

ಯಾರೂ ತೂಕಡಿಸಲಿಲ್ಲ, ಚಪ್ಪಾಳೆ ಬೇರೆ. ಮೇಡಂ ಮಾತ್ರ ಹತ್ತಿರ ಬಂದು ನನ್ನ ಕೊರಳಿನ ಕಾರ್ಡ್ ತಿರುಗಿಸಿ ನೋಡಿದ್ರು.

"ತಾತ, ಇದು ಕಾಫಿ ಮಾಡೋ ಅಕ್ಕಂದಲ್ವಾ?"

"ನಂದು ಕಳೆದುಹೋಯ್ತು. ಕೈಗೆ ಸಿಕ್ಕಿದ್ದನ್ನ ಹಾಕ್ಕೊಂಡೆ. ಹೆಸರು ಓದೋಕೆ ನಂಗೆ ಬರಲ್ಲ ಮೇಡಂ."

"ಫೋಟೊ ನೋಡೋಕೂ ಓದು ಬೇಕಾ?"

ಭುಜ ಕುಣಿಸಿದೆ. "ಈ ಕಾರ್ಡಿಗೆ ನಿಮ್ಮ ಮೆಷಿನ್ನೂ ಬಾಗಿಲು ತೆಗೀತಿತ್ತು ಮೇಡಂ. ನಾನಾದ್ರೆ ಜೊತೆಗೊಂದು ಕಥೇನಾದ್ರೂ ಹೇಳ್ತೀನಿ."