ಓದಲು ಬಾರದ ಮಗು ಬೇಕಾಗಿದೆ

ಗುಬ್ಬಿಯ ತಾಯಿ ಫೋನ್ ಮಾಡಿದಾಗ ಗಣಿತದ ಮೇಷ್ಟ್ರು ಅರ್ಧ ಗಡ್ಡ ಕೆರೆದುಕೊಂಡಿದ್ದರು.

"ಸರ್, ಎಡಗೆನ್ನೆ ಇಳೀತು, ಇವತ್ತು ಕಳಿಸೋಣ ಅಂತಿದ್ದೆ. ನಿನ್ನೆ ಸಂಜೆಯಿಂದ ಬಲಗೆನ್ನೆ ಊದ್ಕೊಂಡಿದೆ. ಇನ್ನೂ ಐದು ದಿನ ಸ್ಕೂಲು ಬೇಡ ಅಂದ್ರು ಡಾಕ್ಟ್ರು."

ಈ ಮಂಗನಬಾವಿಗೆ ಎರಡೂ ಕೆನ್ನೆಯನ್ನು ಒಟ್ಟಿಗೇ ಹಿಡಿಯಲು ಏನು ಧಾಡಿಯಾಗಿತ್ತು ಎಂದುಕೊಂಡ ಮೇಷ್ಟ್ರು ಉಳಿದರ್ಧ ಗಡ್ಡವನ್ನು ಮರೆತೇ ಹೊರಟರು. ಹೆಂಡತಿ ಬಾಗಿಲಲ್ಲಿ ತಡೆದು ಕನ್ನಡಿ ಹಿಡಿಯಬೇಕಾಯಿತು.

ಇಪ್ಪತ್ತೆರಡು ವರ್ಷ ಪಾಠ ಮಾಡಿದ, ಶಿಕ್ಷಕ ತರಬೇತಿಯ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದ ಮೇಷ್ಟ್ರು, ನಲವತ್ತೊಂಬತ್ತನೇ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿದ್ದಕ್ಕೆ ಐದನೇ ತರಗತಿಯ ಈ ಗುಬ್ಬಿಯೇ ಕಾರಣ. ಲೆಕ್ಕದ ಪ್ರಶ್ನೆ ಓದುವಾಗ 'ಮರ'ವನ್ನು 'ರಮ' ಎಂದಳೆಂದು ಅವರು ಅವಳನ್ನು ಎಷ್ಟೋ ಸಲ ಬೆಂಚಿನ ಮೇಲೆ ನಿಲ್ಲಿಸಿದ್ದರು. ಒಂದು ದಿನ ಅವಳು ಬೆಂಚಿನ ಮೇಲಿಂದಲೇ, "ಅಕ್ಷರ ನಿಂತಲ್ಲಿ ನಿಲ್ಲಲ್ಲ ಸರ್, ನಾನೇನ್ ಮಾಡ್ಲಿ?" ಎಂದು ಕೇಳಿದಳು. ಅಂದು ಮೇಷ್ಟ್ರಿಗೆ ಊಟ ಸೇರಲಿಲ್ಲ. ಆ ವರ್ಷವೇ ವಿಶೇಷ ಶಿಕ್ಷಣದ ಸ್ನಾತಕೋತ್ತರ ತರಗತಿಗೆ ಸೇರಿ, ತಮ್ಮ ಅರ್ಧ ವಯಸ್ಸಿನವರ ಮಧ್ಯೆ ಕೂತು ಭಾನುವಾರಗಳನ್ನೆಲ್ಲ ಕಳೆದರು. ಕಲಿತದ್ದನ್ನೆಲ್ಲ ಗುಬ್ಬಿಯ ಮೇಲೆ ಪ್ರಯೋಗಿಸಿದರು. ಇವತ್ತು ಹನ್ನೊಂದು ಗಂಟೆಗೆ ಕೊನೆಯ ಪರೀಕ್ಷೆ. ಓದಲು ತೊಡಕಿರುವ ಒಂದು ಮಗುವಿಗೆ ಪರೀಕ್ಷಕರ ಎದುರು ಅರ್ಧ ಗಂಟೆ ಪಾಠ ಮಾಡಬೇಕು.

ಸ್ಟಾಫ್‌ರೂಮಿನಲ್ಲಿ ಸುದ್ದಿ ಕೇಳಿದ ಹೆಡ್‌ಮೇಡಂ ಒಂದು ಕ್ಷಣವೂ ಯೋಚಿಸಲಿಲ್ಲ. "ನಿಘಂಟುನ ಕೂರಿಸಿ. ಓದೋಕೆ ಬರಲ್ಲ ಅಂತ ನಟಿಸ್ತಾಳೆ."

ನಿಘಂಟು ಎಂದರೆ ಶಾಲೆಗೇ ಮೊದಲಿಗಳಾದ ಹುಡುಗಿ. ಔಷಧಿ ಚೀಟಿ ಸಿಕ್ಕರೂ ಕೊನೆಯ ಸಾಲಿನವರೆಗೆ ಓದಿ ಮುಗಿಸುವವಳು.

"ಅದು ಮೋಸ ಆಗಲ್ವಾ ಮೇಡಂ?"

"ಮೋಸ ಎಲ್ಲಿ ಬಂತು? ನಾಟಕ ಅನ್ನಿ," ಎಂದರು ಡ್ರಾಯಿಂಗ್ ಮೇಷ್ಟ್ರು. ನಿರ್ದೇಶನದ ಹೊಣೆಯನ್ನು ಯಾರೂ ಕೇಳದೆಯೇ ಅವರು ವಹಿಸಿಕೊಂಡು ನಿಘಂಟನ್ನು ಕರೆಸಿದರು. "ನೋಡಮ್ಮ, ತಡವರಿಸಬೇಕು, ಬೆವರು ಒರೆಸ್ಕೋಬೇಕು. ಅಕ್ಷರ ಕಂಡ್ರೆ ಹುಲಿ ಕಂಡ ಹಾಗೆ ಆಗಬೇಕು."

ಹನ್ನೊಂದಕ್ಕೆ ಸರಿಯಾಗಿ ಪರೀಕ್ಷಕಿ ಬಂದರು. ನರೆತ ಕೂದಲು, ದಪ್ಪ ಕನ್ನಡಕ, ತೊಡೆಯ ಮೇಲೆ ಕೈಚೀಲ. ತರಗತಿಯ ಮೂಲೆಯ ಕುರ್ಚಿಯಲ್ಲಿ ಕೂತು, "ಹೂಂ, ಶುರು ಮಾಡಿ," ಎಂದರು.

ನಿಘಂಟು ಒಳಗೆ ಬಂದಳು. ಕುಂಟುತ್ತಾ ಬಂದಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಪಾತ್ರಕ್ಕೆ ತೂಕ ಬರಲೆಂದು ಅವಳೇ ಸೇರಿಸಿಕೊಂಡದ್ದು. ಮೇಷ್ಟ್ರು 'ಮರ' ಎಂಬ ಚೀಟಿ ತೋರಿಸಿದರೆ ಹಣೆ ಒರೆಸಿಕೊಂಡಳು, 'ಮನೆ' ತೋರಿಸಿದರೆ ಮುಖ ಮುಚ್ಚಿಕೊಂಡಳು. ನಿಜವಾಗಿ ಬೆವರುತ್ತಿದ್ದವರು ಮೇಷ್ಟ್ರು. ಆ ಗಾಬರಿಯಲ್ಲೇ ತಿರುಗಿ ಬೋರ್ಡಿನ ಮೇಲೆ 'ವಿಧ್ಯಾರ್ಥಿ' ಎಂದು ಬರೆದರು.

ನಿಘಂಟು ತುಟಿ ಕಚ್ಚಿಕೊಂಡಳು. ಕಿಟಕಿಯ ಕಡೆ ನೋಡಿದಳು. ಕೊನೆಗೆ ತಡೆಯಲಾಗದೆ ದಡದಡನೆ ಬೋರ್ಡಿನ ಹತ್ತಿರ ಹೋಗಿ ಡಸ್ಟರ್ ಎತ್ತಿಕೊಂಡಳು. "ದ-ಗೆ ಹೊಟ್ಟೆ ಸೀಳಬಾರದು ಸರ್," ಎಂದು ತಿದ್ದಿ, ಜಾಗಕ್ಕೆ ವಾಪಸಾಗುವಾಗ ನೆನಪಾಗಿ ಮತ್ತೆ ಕುಂಟಿದಳು.

ಪರೀಕ್ಷಕಿ ಕನ್ನಡಕ ತೆಗೆದು ಒರೆಸಿಕೊಂಡರು. ಮೇಷ್ಟ್ರು ಕೈಲಿದ್ದ ಸೀಮೆಸುಣ್ಣ ಕೆಳಗಿಟ್ಟರು.

"ತಪ್ಪಾಯ್ತು ಮೇಡಂ. ಇವಳು ಅವಳಲ್ಲ." ಬೆಂಚು, ಗುಬ್ಬಿ, ಭಾನುವಾರಗಳು, ಕೆನ್ನೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು.

"ಅವಳ ಮನೆ ದೂರಾನಾ?" ಎಂದು ಕೇಳಿದರು ಪರೀಕ್ಷಕಿ. "ನನಗೆ ಚಿಕ್ಕಂದಿನಲ್ಲೇ ಮಂಗನಬಾವು ಬಂದು ಹೋಗಿದೆ. ನಿಮಗೆ?"

"ನನಗೂ ಆಗಿದೆ ಮೇಡಂ."

"ಹಾಗಾದ್ರೆ ನಡೀರಿ. ಅಲ್ಲೇ ಪಾಠ ಮಾಡಿ, ನೋಡ್ತೀನಿ."

ಹೋದ ಜೀವ ಬಂದಂತಾಯಿತು. ಮೇಷ್ಟ್ರು ಅಕ್ಷರದ ಚೀಟಿ, ಬೆರಳಲ್ಲಿ ಅಕ್ಷರ ತಿದ್ದಿಸುವ ಮರಳಿನ ತಟ್ಟೆ ಎಲ್ಲವನ್ನೂ ಬಾಚಿಕೊಂಡು ಮುಂದೆ ಮುಂದೆ ನಡೆದರು. ಎರಡು ಬೀದಿ ದಾಟಿ ಮೂರನೇ ಮಹಡಿ ಹತ್ತಿದಾಗ ಬಾಗಿಲು ತೆರೆದೇ ಇತ್ತು.

ಗುಬ್ಬಿ ತಲೆಗೂ ಗದ್ದಕ್ಕೂ ಸೇರಿಸಿ ಮಫ್ಲರ್ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅಜ್ಜಿ ಕಣ್ಣು ಮುಚ್ಚಿ ಒರಗಿದ್ದರು. ಗುಬ್ಬಿಯ ಕೈಯಲ್ಲೊಂದು ದಪ್ಪ ಕಾದಂಬರಿ. ಪುಟದ ಮೇಲೆ, ಒಂದು ಸಲಕ್ಕೆ ಒಂದೇ ಸಾಲು ಕಾಣುವಂತೆ ಮೇಷ್ಟ್ರು ಕಿಂಡಿ ಕತ್ತರಿಸಿಕೊಟ್ಟಿದ್ದ ರಟ್ಟು. ಊದಿದ ಬಾಯಲ್ಲಿ ಅವಳು ಓದುತ್ತಿದ್ದಳು. ಮೆಲ್ಲಗೆ, ಆದರೆ ಎಲ್ಲೂ ಎಡವದೆ. ರಟ್ಟು ಜಾರಿದಂತೆ ಸಾಲು ಜಾರುತ್ತಿತ್ತು.

ಮೇಷ್ಟ್ರು ಹೊಸ್ತಿಲಲ್ಲೇ ನಿಂತುಬಿಟ್ಟರು. ತರಗತಿಯಲ್ಲಿ ಅವಳು ಒಂದು ಸಾಲನ್ನೂ ನೆಟ್ಟಗೆ ಓದಿದ್ದನ್ನು ಅವರು ಕೇಳಿರಲಿಲ್ಲ.

"ಇಲ್ಲಿ ನಗೋರು ಯಾರೂ ಇಲ್ವಲ್ಲ ಸರ್," ಎಂದಳು ಗುಬ್ಬಿ. "ಅಜ್ಜಿಗೆ ಕಣ್ಣು ಕಾಣಲ್ಲ. ಆರು ದಿನದಿಂದ ನಾನೇ ಓದ್ತಿದೀನಿ. ಈಗ ಅಕ್ಷರ ನಿಲ್ತವೆ."

ಪರೀಕ್ಷಕಿ ಪುಸ್ತಕದ ನಡುವಿನ ಬೇರೊಂದು ಪುಟ ತೆರೆದುಕೊಟ್ಟರು. ಓದಿದಳು. ಇನ್ನೊಂದು ಕೊಟ್ಟರು. ಅದನ್ನೂ ಓದಿದಳು. ಪರೀಕ್ಷಕಿ ಅಂಕದ ಫಾರಂ ಮಡಚಿ ಕೈಚೀಲಕ್ಕೆ ಹಾಕಿಕೊಂಡರು.

"ನಾನೇನು ಬರೀಲಿ ಮೇಷ್ಟ್ರೇ? ಓದಲು ತೊಡಕಿರೋ ಮಗು ಅಂತ ನೀವು ಬೆಳಿಗ್ಗೆಯಿಂದ ತೋರಿಸಿದ ಎರಡನೇ ಹುಡುಗಿ ಇವಳು. ಇಬ್ಬರೂ ನನಗಿಂತ ಚೆನ್ನಾಗಿ ಓದ್ತಾರೆ." ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. "ಪಾಠ ನೋಡದೆ ಅಂಕ ಕೊಡೋಕಾಗಲ್ಲ. ಇಲ್ಲಿ ಪಾಠಕ್ಕೆ ನೀವು ಏನೂ ಉಳಿಸಿಲ್ಲ. ಮುಂದಿನ ವರ್ಷ ಬೇರೆ ಮಗು ಹುಡುಕ್ಕೊಂಡು ಬನ್ನಿ."

ಪರೀಕ್ಷಕಿ ಮೆಟ್ಟಿಲಿಳಿದು ಹೋದರು. ಮೇಷ್ಟ್ರ ಜೇಬಿನಲ್ಲಿ ಫೋನ್ ಒದರಿತು. ಡ್ರಾಯಿಂಗ್ ಮೇಷ್ಟ್ರು.

"ಏನಾಯ್ತು? ಪಾಸಾ?"

ಮೇಷ್ಟ್ರು ಮರಳಿನ ತಟ್ಟೆಯನ್ನು ಮಂಚದ ಕೆಳಗೆ ಸರಿಸಿ, ಅಜ್ಜಿಯ ಕಾಲ ಬಳಿ ಕೂತುಕೊಂಡರು.

"ಹೂಂ, ಗುಬ್ಬಿ ಪಾಸು. ಆಮೇಲೆ ಮಾಡಿ, ಕತೆ ಶುರುವಾಗ್ತಿದೆ."